ಪಾಠಗಳ ನಡುವಿನ ಆರು ದಿನಗಳು

ಕೆಲವು ತಿಂಗಳುಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಚಾಮರಾಜನಗರದ ನೃತ್ಯತರಗತಿಯೊಂದರ ಹೊರಗೆ ಇತರ ಪೋಷಕರೊಂದಿಗೆ ನಾನೂ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಹತ್ತು ಹನ್ನೆರಡು ಮಕ್ಕಳು ಭರತನಾಟ್ಯದ ಅಡವುಗಳನ್ನು ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಶಿಕ್ಷಕಿಯ ತಟ್ಟುಕೋಲು ನಿಂತಿತು. ನನ್ನ ಮೊಮ್ಮಗಳನ್ನು ಉದ್ದೇಶಿಸಿ ಅವರು, ‘ಕೈ ಸರಿಯಾಗಿದೆ, ಕಣ್ಣು ಸರಿಯಾಗಿದೆ, ಆದರೆ ನಿನ್ನ ಹೆಜ್ಜೆ ಕೇಳಿಸುತ್ತಲೇ ಇಲ್ಲವಲ್ಲ’ ಎಂದರು. ಹನ್ನೆರಡು ವರ್ಷದ ಹುಡುಗಿ ತಲೆ ತಗ್ಗಿಸಿ ನಿಂತಳು. ತರಗತಿ ಮುಗಿದು ಮನೆಗೆ ನಡೆದುಬರುವಾಗ ಕಾರಣ ಕೇಳಿದೆ. ಗುಂಡ್ಲುಪೇಟೆಯಲ್ಲಿ ಅವರಿರುವುದು ಬಾಡಿಗೆಯ ಮೇಲಂತಸ್ತಿನ ಮನೆಯಲ್ಲಿ. ಕೆಳಗಿನ ಮನೆಯವರಿಗೆ ಸದ್ದಾಗಬಾರದೆಂದು ಅವಳು ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪಾದವನ್ನು ಮೆಲ್ಲಗೆ ಇಟ್ಟು ಅಭ್ಯಾಸ ಮಾಡುತ್ತಿದ್ದಳಂತೆ. ಎರಡು ವರ್ಷಗಳಿಂದ ವಾರದ ಆರು ದಿನ ಸದ್ದಿಲ್ಲದೆ ಕುಣಿಯುವುದನ್ನು ಕಲಿತವಳಿಗೆ ಏಳನೆಯ ದಿನ ನೆಲವನ್ನು ತಟ್ಟು ಎಂದರೆ ಕಾಲು ಏಳುವುದಾದರೂ ಹೇಗೆ?

ಅಂದಿನಿಂದ ಈ ಆರು ದಿನಗಳ ಬಗ್ಗೆ ಯೋಚಿಸುತ್ತಿದ್ದೇನೆ. ಮಕ್ಕಳ ಕಲಾಶಿಕ್ಷಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ತರಗತಿಯ ಸುತ್ತಲೇ ಸುಳಿಯುತ್ತವೆ. ಶಿಕ್ಷಕರು ಸಿಗುತ್ತಾರೆಯೇ, ಶುಲ್ಕ ಎಷ್ಟು, ಪರೀಕ್ಷೆ ಯಾವಾಗ, ವೇದಿಕೆ ದೊರೆಯುತ್ತದೆಯೇ ಎಂಬುವು ನಮಗೆ ತಿಳಿದಿರುವ ಪ್ರಶ್ನೆಗಳು. ಒಂದು ಪಾಠಕ್ಕೂ ಮುಂದಿನ ಪಾಠಕ್ಕೂ ನಡುವೆ ಮಗು ಎಲ್ಲಿ, ಯಾವಾಗ, ಯಾವ ನೆಲದ ಮೇಲೆ ಅಭ್ಯಾಸ ಮಾಡುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಆಯಾ ಮನೆಗೆ ಬಿಟ್ಟುಬಿಟ್ಟಿದ್ದೇವೆ. ಯಾರು ಕಲಿಯುತ್ತಾರೆ, ಯಾರು ಬಿಡುತ್ತಾರೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇದು ಸಾರ್ವಜನಿಕ ಚರ್ಚೆಗೆ ಬರಬೇಕಾದ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. ಮೊಮ್ಮಗಳ ತರಗತಿ ವಾರಕ್ಕೊಮ್ಮೆ, ತೊಂಬತ್ತು ನಿಮಿಷ. ಶನಿವಾರ ಸಂಜೆ ತೆರಕಣಾಂಬಿಯ ಮಾರ್ಗವಾಗಿ ಬರುವ ಬಸ್ಸಿನಲ್ಲಿ ಅವಳು ತಾಯಿಯೊಂದಿಗೆ ಚಾಮರಾಜನಗರದ ನಮ್ಮ ಮನೆಗೆ ಬರುತ್ತಾಳೆ. ಭಾನುವಾರ ಪಾಠ ಮುಗಿಸಿ ಊಟ ಮಾಡಿ ಹಿಂದಿರುಗುತ್ತಾಳೆ. ಶಿಕ್ಷಕಿ ಕೇಳುವುದು ಉಳಿದ ಆರು ದಿನ ದಿನಕ್ಕೆ ನಲವತ್ತು ನಿಮಿಷಗಳ ಅಭ್ಯಾಸ. ಅಂದರೆ ಇನ್ನೂರ ನಲವತ್ತು ನಿಮಿಷ. ಒಟ್ಟು ಮುನ್ನೂರ ಮೂವತ್ತು ನಿಮಿಷಗಳಲ್ಲಿ ತರಗತಿಯ ಪಾಲು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ನಾವು ಶುಲ್ಕ ಕೊಡುವುದು ಆ ಕಾಲುಭಾಗಕ್ಕೆ. ಉಳಿದ ಮುಕ್ಕಾಲು ಭಾಗದ ಶಿಕ್ಷಣವನ್ನು ಮನೆ ಒದಗಿಸಬೇಕು. ಅದಕ್ಕೆ ರಸೀದಿ ಇಲ್ಲ. ರಸೀದಿ ಇಲ್ಲದ ಖರ್ಚನ್ನು ಖರ್ಚೆಂದು ಭಾವಿಸದಿರುವುದು ಸರ್ಕಾರಿ ಕಚೇರಿಯಲ್ಲಿಯೂ ಸಂಸಾರದಲ್ಲಿಯೂ ಇರುವ ಹಳೆಯ ಅಭ್ಯಾಸ.

ಆ ಮುಕ್ಕಾಲು ಭಾಗವಿಲ್ಲದೆ ನೃತ್ಯ ಕಲಿಯಲು ಸಾಧ್ಯವಿಲ್ಲವೇ? ಸಾಧ್ಯವಿಲ್ಲವೆಂದು ಶಿಕ್ಷಕಿ ಹೇಳುತ್ತಾರೆ. ಕಾರಣ ಅರ್ಥಮಾಡಿಕೊಳ್ಳಲು ಕಷ್ಟವಲ್ಲ. ಅಡವು ಎಂಬುದು ಭರತನಾಟ್ಯದ ಅಕ್ಷರಮಾಲೆ. ಅರಮಂಡಿಯಲ್ಲಿ ಕುಳಿತು, ಬೆನ್ನು ನೇರವಾಗಿರಿಸಿ, ಅದೇ ಅಡವನ್ನು ವಿಳಂಬ, ಮಧ್ಯ, ದ್ರುತ ಎಂಬ ಮೂರು ಕಾಲಗಳಲ್ಲಿ ಮಾಡಬೇಕು. ವೇಗ ಇಮ್ಮಡಿಯಾದರೂ ತಾಳ ಅದೇ. ಮೊಣಕಾಲು ಮಡಿಸಿ ಕುಳಿತ ಭಂಗಿಯನ್ನು ಐದು ನಿಮಿಷ ಉಳಿಸಿಕೊಳ್ಳಲು ತೊಡೆಯ ಸ್ನಾಯುಗಳಿಗೆ ಬಲ ಬೇಕು. ಅದು ವಾರಕ್ಕೊಮ್ಮೆ ಶ್ರಮಿಸಿದರೆ ಬರುವುದಿಲ್ಲ. ಬಿಡುವು ಬಿಟ್ಟು ಹಲವು ದಿನ ಮಾಡಿದ ಅಭ್ಯಾಸ ಒಂದೇ ದಿನ ರಾಶಿ ಹಾಕಿದ ಅಭ್ಯಾಸಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ಮನೋವಿಜ್ಞಾನದಲ್ಲಿ ಹಳೆಯ ತಿಳಿವಳಿಕೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ನೆನಪು ಮತ್ತು ಮರೆವನ್ನು ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದ್ದು 1885ರಲ್ಲಿ. ಹಾಡು, ವಾದ್ಯ, ಟೈಪಿಂಗ್ ಯಾವುದನ್ನು ಕಲಿತವರಿಗೂ ಇದು ಸ್ವಾನುಭವವೇ.

ಇನ್ನೊಂದು ಸೂಕ್ಷ್ಮವೂ ಇದೆ. ಮನೆಯ ಅಭ್ಯಾಸ ಪಾಠವನ್ನು ಗಟ್ಟಿ ಮಾಡುವಂತೆ ತಪ್ಪನ್ನೂ ಗಟ್ಟಿ ಮಾಡುತ್ತದೆ. ಜಾಗ ಸಾಲದೆ ಕೈಯನ್ನು ಪೂರ್ತಿ ಚಾಚದ ಮಗುವಿಗೆ ಅರೆ ಚಾಚಿದ ಕೈಯೇ ಅಭ್ಯಾಸವಾಗುತ್ತದೆ. ನನ್ನ ಮೊಮ್ಮಗಳಿಗೆ ಸದ್ದಿಲ್ಲದ ಹೆಜ್ಜೆ ಅಭ್ಯಾಸವಾದದ್ದು ಹೀಗೆಯೇ. ಮಗುವಿನ ದೇಹ ಮನೆಯ ಅಳತೆಗೆ ಒಗ್ಗಿಕೊಳ್ಳುತ್ತದೆ. ಶಿಕ್ಷಕಿ ಭಾನುವಾರ ಆ ಅಳತೆಯನ್ನು ಅಳಿಸಲು ಹೆಣಗುತ್ತಾರೆ.

ಎಂಬತ್ತರ ದಶಕದ ಆರಂಭದಲ್ಲಿ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ಕಲಿತ ಎರಡು ವಿಚಾರಗಳು ಇಲ್ಲಿ ನೆನಪಾಗುತ್ತವೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೊವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕತೆಯನ್ನು ಕುರಿತು ಪುಸ್ತಕ ಬರೆದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಂದು ವಸ್ತುವಿಗೆ ಬೇಕಾದ ಶ್ರಮದ ಗಂಟೆಗಳು ಕಡಿಮೆಯಾಗುತ್ತವೆ. ಆದರೆ ನಾಲ್ವರು ವಾದ್ಯಗಾರರು ನುಡಿಸಬೇಕಾದ ಕೃತಿಗೆ ನೂರು ವರ್ಷಗಳ ಹಿಂದೆ ಎಷ್ಟು ಕಾಲ ಬೇಕಿತ್ತೋ ಇಂದೂ ಅಷ್ಟೇ ಬೇಕು. ಆದ್ದರಿಂದ ಉಳಿದೆಡೆ ಕೂಲಿ ಏರಿದಂತೆ ಕಲೆ ಹೋಲಿಕೆಯಲ್ಲಿ ದುಬಾರಿಯಾಗುತ್ತಾ ಹೋಗುತ್ತದೆ ಎಂಬುದು ಅವರ ವಾದದ ತಿರುಳು. ಅಭ್ಯಾಸದ ವಿಷಯದಲ್ಲಿ ಇದು ಇನ್ನಷ್ಟು ನಿಜ. ಮೂರನೆಯ ಕಾಲದ ಅಡವನ್ನು ಕಲಿಯಲು ನಮ್ಮಜ್ಜಿಯ ಕಾಲದ ಹುಡುಗಿಗೆ ಬೇಕಾದ ಗಂಟೆಗಳು ಇಂದಿನ ಹುಡುಗಿಗೂ ಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಿದರೆ ಮರೆತ ಹೆಜ್ಜೆ ನೆನಪಾಗಬಹುದು, ಗಂಟೆಗಳು ಕಡಿಮೆಯಾಗುವುದಿಲ್ಲ. 1965ರಲ್ಲಿ ಗ್ಯಾರಿ ಬೆಕರ್ ಹೇಳಿದ್ದು ಎರಡನೆಯ ವಿಚಾರ. ಸಂಸಾರವೆಂಬುದು ಕೊಂಡ ಸರಕುಗಳನ್ನು ಮನೆಯವರ ಸಮಯದೊಂದಿಗೆ ಬೆರೆಸಿ ತನಗೆ ಬೇಕಾದುದನ್ನು ಉತ್ಪಾದಿಸಿಕೊಳ್ಳುವ ಒಂದು ಘಟಕ. ಸಮಯಕ್ಕೂ ಬೆಲೆಯಿದೆ ಎಂದು ಅವರು ತೋರಿಸಿದರು. ಈ ಎರಡನ್ನೂ ಸೇರಿಸಿ ನೋಡಿದರೆ ಮಗುವಿನ ಅಭ್ಯಾಸಕ್ಕೆ ಮನೆ ಮೂರು ಸಾಮಗ್ರಿಗಳನ್ನು ಒದಗಿಸಬೇಕಾಗುತ್ತದೆ: ನೆಲ, ಸಮಯ ಮತ್ತು ಸದ್ದು ಮಾಡುವ ಅನುಮತಿ.

ನೆಲದ ವಿಷಯ. ಟೇಪು ಹಿಡಿದು ಅಳೆದೆ. ಕೈಗಳನ್ನು ಪೂರ್ತಿ ಚಾಚಿ, ಹಿಂದಕ್ಕೂ ಮುಂದಕ್ಕೂ ಹೆಜ್ಜೆಯಿಡಲು ಮೊಮ್ಮಗಳಿಗೆ ಆರು ಅಡಿ ಅಗಲ, ಎಂಟು ಅಡಿ ಉದ್ದದ ಖಾಲಿ ಜಾಗ ಬೇಕು. ಅಂದರೆ ನಲವತ್ತೆಂಟು ಚದರಡಿ. ಗ್ರಾಮೀಣ ಪ್ರದೇಶದ ಬಡವರಿಗಾಗಿ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಅದು ಸುಮಾರು 269 ಚದರಡಿ. ಹಾಸಿಗೆ, ಪಾತ್ರೆ, ಧಾನ್ಯದ ಚೀಲ, ದೇವರ ಮೂಲೆ, ನಾಲ್ಕೈದು ಜನರ ಊಟ ನಿದ್ರೆ ಎಲ್ಲವೂ ನಡೆಯುವ ಆ ಮನೆಯಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದು ಹುಡುಗಿಯ ಕುಣಿತಕ್ಕೆ ತೆರವು ಮಾಡಿಕೊಡಬೇಕು. ಮಧ್ಯಮ ವರ್ಗದ ಮನೆಗಳಲ್ಲಿ ಜಾಗವಿದ್ದರೂ ಅದನ್ನು ಸೋಫಾ, ಟೀಪಾಯಿ, ಟಿ.ವಿ. ಆಕ್ರಮಿಸಿಕೊಂಡಿವೆ. 2020ರಲ್ಲಿ ಲಾಕ್‌ಡೌನ್ ಬಂದು ನೃತ್ಯಪಾಠಗಳು ಮೊಬೈಲಿಗೆ ಬಂದಾಗ ಮಕ್ಕಳು ಮಂಚ ಮತ್ತು ಬೀರುವಿನ ನಡುವೆ ಕುಣಿಯುತ್ತಿದ್ದುದನ್ನು ಅನೇಕ ಪೋಷಕರು ನೋಡಿರಬಹುದು.

ಸಮಯದ ವಿಷಯ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಪುರುಷರು ವ್ಯಯಿಸಿದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಮಹಿಳೆಯರದು 289, ಪುರುಷರದು 88. ಐದು ವರ್ಷಗಳಲ್ಲಿ ಇಬ್ಬರದೂ ಸ್ವಲ್ಪ ತಗ್ಗಿದೆ. ಅಂತರ ಮಾತ್ರ ಹಾಗೆಯೇ ಉಳಿದಿದೆ. ಆರು ವರ್ಷ ಮೇಲ್ಪಟ್ಟವರೆಲ್ಲರೂ ಈ ಸಮೀಕ್ಷೆಯ ವ್ಯಾಪ್ತಿಯಲ್ಲಿದ್ದಾರೆ ಎಂಬುದನ್ನು ಗಮನಿಸಬೇಕು. ಹನ್ನೆರಡು ಹದಿಮೂರರ ಹುಡುಗಿಯರ ಸಂಜೆಯ ಮೇಲೆ ಮನೆಗೆಲಸದ ಹಕ್ಕು ಆಗಲೇ ಸ್ಥಾಪಿತವಾಗಿರುತ್ತದೆ.

ಇದನ್ನು ಅಂಕಿಗಳಲ್ಲಿ ಓದಿದ್ದ ನಾನು ಕಣ್ಣಾರೆ ಕಂಡದ್ದು ಮೊಮ್ಮಗಳ ಗೆಳತಿಯೊಬ್ಬಳಲ್ಲಿ. ತೆರಕಣಾಂಬಿಯ ಆಚೆಯ ಹಳ್ಳಿಯೊಂದರಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ತಾಯಿ ಹೊಲದ ಕೂಲಿ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಣ್ಣದ ಸಾರ ತೆಗೆಯಲು ಚೆಂಡು ಹೂ ಬೆಳೆಯುವ ಹೊಲಗಳು ಸಾಕಷ್ಟಿವೆ. ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗರು ಕಾರು ನಿಲ್ಲಿಸಿ ಅಲ್ಲಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಹೂ ಬಿಡಿಸುವ ದಿನಗಳಲ್ಲಿ ಆ ತಾಯಿ ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಅನ್ನಕ್ಕಿಡುವುದು, ನೀರು ಹಿಡಿಯುವುದು, ತಮ್ಮನನ್ನು ನೋಡಿಕೊಳ್ಳುವುದು ಎಲ್ಲವೂ ಹುಡುಗಿಯದೇ. ಶಿಕ್ಷಕಿ ಅವಳ ಶುಲ್ಕವನ್ನು ಪೂರ್ತಿ ಬಿಟ್ಟಿದ್ದರು. ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಬೇಕಿರಲಿಲ್ಲ. ನಸುಕಿನಲ್ಲಿ ಎದ್ದು ಮನೆಯ ಮುಂದಿನ ಕಣದಲ್ಲಿ ಅವಳು ಅಭ್ಯಾಸ ಮಾಡುತ್ತಿದ್ದಳು. ಕಣದಲ್ಲಿ ಒಕ್ಕಣೆ ನಡೆದಾಗ ಆ ಜಾಗವೂ ಇರಲಿಲ್ಲ. ದೊಡ್ಡವಳಾದ ಮೇಲೆ ಬೀದಿಯವರ ಕಣ್ಣಿಗೆ ಬೀಳುವಂತೆ ಕಣದಲ್ಲಿ ಕುಣಿಯುವುದು ಬೇಡವೆಂದು ಮನೆಯವರು ಹೇಳಿದರು. ಪ್ರತಿ ಭಾನುವಾರವೂ ಹಿಂದಿನ ಭಾನುವಾರ ಬಿಟ್ಟಲ್ಲಿಂದಲೇ ಆರಂಭಿಸಬೇಕಾಗಿ, ತನಗಿಂತ ತಡವಾಗಿ ಸೇರಿದವರು ಜತಿಸ್ವರಕ್ಕೆ ಹೋದುದನ್ನು ನೋಡಿ, ಅವಳು ಬರುವುದನ್ನು ನಿಲ್ಲಿಸಿದಳು. ‘ಆಸಕ್ತಿ ಕಡಿಮೆಯಾಯಿತು’ ಎಂದು ಪೋಷಕರೊಬ್ಬರು ಹೇಳಿದರು. ನನ್ನ ಅಭಿಪ್ರಾಯದಲ್ಲಿ ಅವಳಿಗೆ ಆಸಕ್ತಿಯ ಕೊರತೆ ಇರಲಿಲ್ಲ. ಶುಲ್ಕದಿಂದ ವಿನಾಯಿತಿ ಕೊಡಬಲ್ಲವರು ಸಿಕ್ಕಿದ್ದರು. ಅಡುಗೆಮನೆಯಿಂದ ನಲವತ್ತು ನಿಮಿಷದ ವಿನಾಯಿತಿ ಕೊಡಬಲ್ಲವರು ಇರಲಿಲ್ಲ.

ಹಿಂದೆ ಹೀಗಿತ್ತೇ? ಈ ಜಿಲ್ಲೆ ನೃತ್ಯಕ್ಕೆ ಹೊಸತಲ್ಲ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಗುವುದಕ್ಕೆ ಶತಮಾನಗಳ ಮುಂಚೆಯೇ ಇಲ್ಲಿ ಮಲೆ ಮಹದೇಶ್ವರನ ಒಕ್ಕಲಿನವರು ಕಂಸಾಳೆ ಹಿಡಿದಿದ್ದರು. ಗೊರವರು ಕರಡಿಕೂದಲಿನ ಟೊಪ್ಪಿಗೆ ತೊಟ್ಟು ಡಮರುಗ ನುಡಿಸುತ್ತ ಕುಣಿಯುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಮ್ಮದೇ ಆದ ಹಾಡು ಕುಣಿತಗಳಿವೆ. ಬೀಸು ಕಂಸಾಳೆಯನ್ನು ನೋಡಿದವರಿಗೆ ಅದರ ಕಷ್ಟ ಗೊತ್ತು. ಒಂದು ಕೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಇನ್ನೊಂದರಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಅದನ್ನು ತಲೆಯ ಸುತ್ತ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಬೀಸುತ್ತ, ಪಕ್ಕದವನ ತಾಳಕ್ಕೂ ತಾಗಿಸುತ್ತ ಲಯ ತಪ್ಪದಂತೆ ಕುಣಿಯಬೇಕು. ಗುರಿ ತಪ್ಪಿದರೆ ಪೆಟ್ಟು ಬೀಳುವುದು ಮೈಗೆ. ಅಷ್ಟು ಕಠಿಣವಾದ ಕಲೆಯನ್ನು ದಿನವಿಡೀ ಹೊಲದಲ್ಲಿ ದುಡಿದು ಬಂದವರು ಕಲಿತದ್ದು ಹೇಗೆ? ಕಲಿಸುವವನು ಅದೇ ಊರಿನವನಾಗಿದ್ದ ಅಥವಾ ಪಕ್ಕದ ಊರಿನವನಾಗಿದ್ದ. ಅಭ್ಯಾಸ ನಡೆಯುತ್ತಿದ್ದುದು ಗುಡಿಯ ಮುಂದಿನ ಅಂಗಳದಲ್ಲಿ, ಎಲ್ಲರ ಕಣ್ಣೆದುರಿಗೆ. ಸದ್ದಿಗೆ ಯಾರ ಆಕ್ಷೇಪವೂ ಇರಲಿಲ್ಲ. ಕಂಸಾಳೆಯ ಸದ್ದು ದೇವರ ಸದ್ದಾಗಿತ್ತು. ಪಾಠಕ್ಕೂ ಅಭ್ಯಾಸಕ್ಕೂ ನಡುವೆ ಗೋಡೆ ಇರಲಿಲ್ಲ, ಏಕೆಂದರೆ ಎರಡೂ ನಡೆಯುತ್ತಿದ್ದುದು ಒಂದೇ ಅಂಗಳದಲ್ಲಿ.

ಹಳೆಯದನ್ನು ಹೊಗಳಿ ಕೂರುವುದು ನನ್ನ ಉದ್ದೇಶವಲ್ಲ. ಆ ಅಂಗಳ ಮುಖ್ಯವಾಗಿ ಗಂಡಸರ ಅಂಗಳ. ದೀಕ್ಷೆ, ಕುಲ, ಒಕ್ಕಲು ಎಂಬ ಮೇರೆಗಳು ಅಲ್ಲಿದ್ದವು. ಹೆಣ್ಣುಮಕ್ಕಳು ಕಂಸಾಳೆ ಹಿಡಿದು ಶಾಲೆಯ ವೇದಿಕೆಗೆ ಬಂದದ್ದು ತೀರ ಈಚಿನ, ಸಂತೋಷದ ಬೆಳವಣಿಗೆ. ಇನ್ನೊಂದು ಪರಂಪರೆಯನ್ನು ನೋಡಿದರೆ, ಮೈಸೂರು ಶೈಲಿಯ ಭರತನಾಟ್ಯಕ್ಕೆ ಹೆಸರು ತಂದ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮೈಸೂರು ಆಸ್ಥಾನದಲ್ಲಿ ದಶಕಗಳ ಕಾಲ ನರ್ತಿಸಿದರು. ಲಂಬಾಣಿ ಕುಟುಂಬದಿಂದ ಬಂದ ಆ ಬಾಲಕಿ ಅಷ್ಟು ಎತ್ತರಕ್ಕೆ ಏರಿದುದಕ್ಕೆ ಅವರ ಪ್ರತಿಭೆ ಮತ್ತು ಗುರುಕೃಪೆ ಎಷ್ಟು ಕಾರಣವೋ, ನೃತ್ಯವನ್ನೇ ಬದುಕಿನ ಕೆಲಸವನ್ನಾಗಿ ಮಾಡಿಕೊಳ್ಳಲು ಆಶ್ರಯವಿದ್ದುದೂ ಅಷ್ಟೇ ಕಾರಣ. ಅಭ್ಯಾಸದ ಗಂಟೆಗಳ ಬೆಲೆಯನ್ನು ಅರಮನೆ ತೆರುತ್ತಿತ್ತು. ರಾಜ್ಯ ಹೋಯಿತು, ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ನೃತ್ಯವಿಭಾಗವನ್ನು ತೆರೆದು ಅವರನ್ನೇ ಅಲ್ಲಿಗೆ ಕರೆದುಕೊಂಡಿತು, 1992ರಲ್ಲಿ ಪದ್ಮಭೂಷಣವೂ ಬಂತು. ಹೀಗೆ ಕಲಿಸುವ ಹೊಣೆಯನ್ನು ಸರ್ಕಾರ ಅರಮನೆಯಿಂದ ಸ್ವಲ್ಪಮಟ್ಟಿಗೆ ವಹಿಸಿಕೊಂಡಿತು. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ದಶಕಗಳ ಕಾಲ ನೃತ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ನಡೆಸಿತು. ಪಾಠ ಮತ್ತು ಪರೀಕ್ಷೆಗಳಿಗೆ ವಾರಸುದಾರರು ಸಿಕ್ಕಿದರು. ಗುಡಿಯ ಅಂಗಳಕ್ಕೂ ಅರಮನೆಯ ಆಶ್ರಯಕ್ಕೂ ಬದಲಾಗಿ ಅಭ್ಯಾಸಕ್ಕೆ ಏನು ಬಂತು ಎಂದು ಕೇಳಿದರೆ, ಬಾಡಿಗೆ ಮನೆಯ ಜಮಖಾನೆ ಎನ್ನಬೇಕಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 1990ರ ದಶಕದ ಕೊನೆಯಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಅಧಿಕಾರಿಯಾಗಿದ್ದಾಗ ಮಹಿಳೆಯೊಬ್ಬರು ಅರ್ಜಿ ತಂದರು. ಅವರು ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದರು. ಪಾಠಕ್ಕೆ ತಮ್ಮ ಮನೆಯಲ್ಲಿ ಜಾಗವಿದೆ, ಮಕ್ಕಳಿಗೆ ಅಭ್ಯಾಸಕ್ಕೆ ಜಾಗವಿಲ್ಲ. ಸಂಜೆ ಒಂದು ಗಂಟೆ ಕಾಲ ಸಮುದಾಯ ಭವನವನ್ನು ತೆರೆದುಕೊಟ್ಟರೆ ಹಿರಿಯ ಮಕ್ಕಳು ಕಿರಿಯರಿಗೆ ಹೇಳಿಕೊಡುತ್ತಾರೆ ಎಂದು ಅವರ ಕೋರಿಕೆ. ನಿಯಮ ನೋಡಿದೆ. ಭವನವನ್ನು ದಿನಬಾಡಿಗೆಗೆ ಕೊಡಲು ಅವಕಾಶವಿತ್ತು, ಗಂಟೆಯ ಲೆಕ್ಕದಲ್ಲಿ ಉಚಿತವಾಗಿ ಕೊಡಲು ಇರಲಿಲ್ಲ. ಕಡತದಲ್ಲಿ ‘ಕೋರಿಕೆಯನ್ನು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿಲ್ಲ, ವಿಲೇ ಇಡಿ’ ಎಂದು ಬರೆದು ಸಹಿ ಹಾಕಿದೆ. ಆ ಭವನದ ಸಂಜೆಗಳು ಹೆಚ್ಚಿನ ದಿನ ಖಾಲಿಯೇ ಇರುತ್ತಿದ್ದವು ಎಂಬುದು ನನಗೆ ಗೊತ್ತಿತ್ತು. ನಿಯಮದಲ್ಲಿ ಅವಕಾಶವಿಲ್ಲವೆಂಬುದು ನಿಜ. ಅವಕಾಶ ಕಲ್ಪಿಸಲು ಮೇಲಿನವರಿಗೆ ಒಂದು ಪುಟದ ಪ್ರಸ್ತಾವ ಬರೆಯಬಹುದಿತ್ತು ಎಂಬುದೂ ಅಷ್ಟೇ ನಿಜ. ಬರೆಯಲಿಲ್ಲ, ಏಕೆಂದರೆ ಅದು ನನಗೆ ಮುಖ್ಯವೆಂದು ತೋರಲಿಲ್ಲ. ರಸ್ತೆ, ನೀರು, ಪಡಿತರದ ಕಡತಗಳ ನಡುವೆ ಮಕ್ಕಳು ಕುಣಿಯಲು ಜಾಗ ಕೇಳುವುದು ಒಂದು ಹವ್ಯಾಸದ ಮಾತಾಗಿ ಕಂಡಿತು. ಜಮಖಾನೆಯ ಮೇಲೆ ಕುಣಿಯುವ ಮೊಮ್ಮಗಳನ್ನು ನೋಡುವವರೆಗೆ ಆ ಅರ್ಜಿ ನನಗೆ ನೆನಪಾಗಿಯೂ ಇರಲಿಲ್ಲ.

ನಾವು ವೇದಿಕೆಗಳನ್ನು ಕಟ್ಟಿಲ್ಲವೆಂದಲ್ಲ. ಚಾಮರಾಜನಗರದಲ್ಲಿ ಡಾ. ರಾಜ್‌ಕುಮಾರ್ ಅವರ ಹೆಸರಿನ ಜಿಲ್ಲಾ ರಂಗಮಂದಿರವಿದೆ. ಶಾಲಾ ಮಕ್ಕಳಿಗೆ ಪ್ರತಿಭಾ ಕಾರಂಜಿ ಸ್ಪರ್ಧೆಗಳಿವೆ. ಇವು ಬೇಕಾದುವೇ. ಆದರೆ ಇವೆಲ್ಲ ಕಲಿತವರಿಗಾಗಿ. ಶಾಲಾ ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಮೊದಲು ಒಂದು ಸಿನಿಮಾ ಹಾಡಿಗೆ ಹೆಜ್ಜೆ ಹೇಳಿಕೊಟ್ಟು, ಮರುದಿನ ಎಲ್ಲವನ್ನೂ ಮರೆಯುವುದೇ ನಮ್ಮ ಬಹುಪಾಲು ಶಾಲೆಗಳ ಕಲಾಶಿಕ್ಷಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದುವುಗಳ ಪಟ್ಟಿಯಿದೆ: ಶಿಕ್ಷಕರಿಗೊಂದರಂತೆ ಕೊಠಡಿ, ಕುಡಿಯುವ ನೀರು, ಪ್ರತ್ಯೇಕ ಶೌಚಾಲಯ, ಅಡುಗೆಮನೆ, ಆಟದ ಮೈದಾನ, ಆವರಣ ಗೋಡೆ, ಗ್ರಂಥಾಲಯ. ಆಟಕ್ಕೆ ಮೈದಾನ ಬೇಕೆಂದು ಶಾಸನ ಒಪ್ಪಿಕೊಂಡಿದೆ. ಆಡಲು ಬಯಸುವ ಮಗುವಿಗೆ ಆ ಮೈದಾನ ಪಾಠಗಳ ನಡುವಿನ ದಿನಗಳಲ್ಲಿಯೂ ಒದಗುತ್ತದೆ. ನೃತ್ಯ ಸಂಗೀತಗಳ ಅಭ್ಯಾಸಕ್ಕೆ ಅಂಥದೇ ಒಂದು ನೆಲ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಆಟಗಳೊಂದಿಗೆ ಕಲೆ ಮತ್ತು ಸಾಂಸ್ಕೃತಿಕ ಜೀವನದಲ್ಲಿ ಭಾಗವಹಿಸುವುದನ್ನೂ ಮಗುವಿನ ಹಕ್ಕೆಂದೇ ಹೇಳುತ್ತದೆ.

ಹೊಸ ಕಟ್ಟಡ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಹೊಸ ಕಟ್ಟಡವೆಂದರೆ ನಿವೇಶನ, ಅಂದಾಜುಪಟ್ಟಿ, ಟೆಂಡರು, ಐದು ವರ್ಷ. ಇರುವ ಕಟ್ಟಡಗಳ ಖಾಲಿ ಗಂಟೆಗಳನ್ನು ಬಳಸಿದರೆ ಸಾಕು. ಸರ್ಕಾರಿ ಶಾಲೆಗಳ ಬಾಗಿಲು ಸಂಜೆ ಮುಚ್ಚಿದರೆ ಮರುದಿನ ಬೆಳಿಗ್ಗೆಯೇ ತೆರೆಯುವುದು. 2011ರ ಜನಗಣತಿಯಂತೆ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ, ಗುಂಡ್ಲುಪೇಟೆಯದು ಸುಮಾರು 28 ಸಾವಿರ. ಇಷ್ಟು ದೊಡ್ಡ ಊರುಗಳಲ್ಲಿ ಆರಂಭಕ್ಕೆ ತಲಾ ಎರಡು ಶಾಲೆಗಳಲ್ಲಿ ಒಂದೊಂದು ದೊಡ್ಡ ಕೊಠಡಿಯನ್ನು ಸಂಜೆ ಐದರಿಂದ ಆರೂವರೆಯವರೆಗೆ ತೆರೆದಿಡಬಹುದು. ಭರತನಾಟ್ಯ, ಕಂಸಾಳೆ, ಕೋಲಾಟ, ಸಿನಿಮಾ ನೃತ್ಯ ಯಾವುದಾದರೂ ಸರಿ, ಅಭ್ಯಾಸ ಮಾಡಬೇಕೆನ್ನುವ ಮಗುವಿಗೆ ಪ್ರವೇಶವಿರಲಿ. ಅಲ್ಲಿ ಪಾಠ ಬೇಡ, ಸ್ಪರ್ಧೆ ಬೇಡ, ಉದ್ಘಾಟನಾ ಸಮಾರಂಭವಂತೂ ಬೇಡವೇ ಬೇಡ. ಒಂದು ಹಾಜರಿ ಪುಸ್ತಕ, ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆಗೆ ಗೌರವಧನ ಕೊಟ್ಟು ಮೇಲ್ವಿಚಾರಣೆ, ಗೋಡೆಗೆ ಒಂದು ಕನ್ನಡಿ ಇದ್ದರೆ ಸಾಕು. ನಲವತ್ತು ವ್ಯಾಟಿನ ಎರಡು ಟ್ಯೂಬ್‌ಲೈಟುಗಳು ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳಿಗೆ ಇಪ್ಪತ್ತೈದು ದಿನ ಉರಿದರೆ ಖರ್ಚಾಗುವ ವಿದ್ಯುತ್ತು ಮೂರು ಯೂನಿಟ್. ಗೌರವಧನವೇ ಇದರಲ್ಲಿ ದೊಡ್ಡ ವೆಚ್ಚ. ಪುರಸಭೆ, ನಗರಸಭೆಗಳ ಆಯವ್ಯಯಕ್ಕೆ ಅದು ಭಾರವಾಗಲಾರದು.

ಆಕ್ಷೇಪಗಳು ಬರುತ್ತವೆ. ನಾನೇ ಅವುಗಳನ್ನು ಬರೆಯುತ್ತಿದ್ದವನಾದ್ದರಿಂದ ಅವು ಯಾವುವೆಂದು ಬಲ್ಲೆ. ಶಾಲೆಯ ಆಸ್ತಿಗೆ ಹಾನಿಯಾದರೆ ಯಾರು ಹೊಣೆ? ಈ ಪ್ರಶ್ನೆಗೆ ಉತ್ತರ ಪ್ರತಿ ಚುನಾವಣೆಯಲ್ಲಿಯೂ ನಮ್ಮ ಕಣ್ಣೆದುರಿಗಿದೆ. ಮತಗಟ್ಟೆಯಾಗಿ ಅದೇ ಶಾಲೆ ರಾತ್ರಿಯೂ ತೆರೆದಿರುತ್ತದೆ, ನೂರಾರು ಜನ ಬಂದು ಹೋಗುತ್ತಾರೆ, ಹೊಣೆಗಾರಿಕೆಯ ಏರ್ಪಾಡು ಒಂದು ಆದೇಶದಿಂದ ಆಗಿಬಿಡುತ್ತದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪೋಷಕರೇ ಅದರ ಸದಸ್ಯರು. ನಿರ್ಣಯ ಮಾಡಲು ಅದಕ್ಕಿಂತ ಸೂಕ್ತ ವೇದಿಕೆ ಬೇಕಿಲ್ಲ. ಶಿಕ್ಷಕರ ಕೊರತೆ, ಸೋರುವ ಕೊಠಡಿ ಇರುವಾಗ ಇದಕ್ಕೆಲ್ಲ ಆದ್ಯತೆಯೇ ಎಂಬುದು ಎರಡನೆಯ ಆಕ್ಷೇಪ. ಆದ್ಯತೆಯ ಪ್ರಶ್ನೆ ಏಳುವುದು ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುವ ಸಂಪನ್ಮೂಲದ ವಿಷಯದಲ್ಲಿ. ಸಂಜೆಯ ಖಾಲಿ ಕೊಠಡಿಯನ್ನು ಬಳಸಿದರೆ ಯಾವ ಸೋರುವ ಕೊಠಡಿಯ ದುರಸ್ತಿಯೂ ನಿಲ್ಲುವುದಿಲ್ಲ. ಬಳಸದಿದ್ದರೆ ಆ ಸಂಜೆಯನ್ನು ಕೂಡಿಟ್ಟು ಮುಂದೆ ಬಳಸಲೂ ಬರುವುದಿಲ್ಲ.

ಮೂರನೆಯದು ನ್ಯಾಯವಾದ ಆಕ್ಷೇಪ. ಕೊಠಡಿ ತೆರೆದರೆ ನೆಲ ಸಿಗಬಹುದು, ಸದ್ದು ಮಾಡುವ ಅನುಮತಿಯೂ ಸಿಗಬಹುದು. ಮನೆಗೆಲಸದಲ್ಲಿ ಸಿಕ್ಕಿಕೊಂಡ ಹುಡುಗಿಗೆ ಸಮಯ ಸಿಗುವುದು ಹೇಗೆ? ಪೂರ್ತಿ ಉತ್ತರ ನನ್ನಲ್ಲಿಲ್ಲ. ಹಳ್ಳಿಯ ಹುಡುಗಿಗೆ ಪಟ್ಟಣದ ಕೊಠಡಿಯಿಂದ ಉಪಯೋಗವೂ ಕಡಿಮೆ. ಅವಳ ಊರಿನ ಶಾಲೆಯೇ ತೆರೆಯಬೇಕು. ಆದರೂ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. ಮನೆಯೊಳಗಿನ ಅಭ್ಯಾಸವನ್ನು ಯಾರು ಬೇಕಾದರೂ ಮಧ್ಯೆ ನಿಲ್ಲಿಸಬಹುದು. ‘ಸ್ವಲ್ಪ ಬಾ, ಹಾಲು ಉಕ್ಕುತ್ತಿದೆ ನೋಡು’ ಎಂದರೆ ಮುಗಿಯಿತು. ‘ಶಾಲೆಯಲ್ಲಿ ಅಭ್ಯಾಸವಿದೆ, ಹಾಜರಿ ಇದೆ’ ಎಂದು ಹೊರಟವಳನ್ನು ತಡೆಯಲು ಮನೆಯವರು ಸ್ವಲ್ಪವಾದರೂ ಯೋಚಿಸುತ್ತಾರೆ. ಟ್ಯೂಷನ್ನಿಗೆ ಹೊರಟ ಮಗುವನ್ನು ಯಾರೂ ಪಾತ್ರೆ ತೊಳೆಯಲು ಕರೆಯುವುದಿಲ್ಲ. ಹೊತ್ತು ಮತ್ತು ಜಾಗ ಗೊತ್ತಾದ ಕೆಲಸಕ್ಕೆ ನಮ್ಮ ಸಂಸಾರಗಳಲ್ಲಿ ಒಂದು ಮರ್ಯಾದೆ ಇದೆ. ಅಭ್ಯಾಸಕ್ಕೂ ಆ ಮರ್ಯಾದೆ ದೊರೆಯಲಿ.

ಪೋಷಕರಿಗೂ ಒಂದು ಮಾತು. ಮಕ್ಕಳನ್ನು ತರಗತಿಗೆ ಸೇರಿಸುವಾಗ ಶುಲ್ಕ ಕೇಳಿದಂತೆ, ದಿನಕ್ಕೆ ಎಷ್ಟು ಹೊತ್ತಿನ ಅಭ್ಯಾಸ ಬೇಕು, ಎಷ್ಟು ಜಾಗ ಬೇಕು ಎಂಬುದನ್ನೂ ಶಿಕ್ಷಕರಲ್ಲಿ ಕೇಳಿ. ಟೀಪಾಯಿಯನ್ನು ಗೋಡೆಗೆ ಸರಿಸಿ. ಗ್ರಾನೈಟ್ ಮತ್ತು ಸಿಮೆಂಟಿನ ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಜೋರಾಗಿ ತಟ್ಟಿದರೆ ಮೊಣಕಾಲಿಗೂ ಕಣಕಾಲಿಗೂ ನೋವು ಬರಬಹುದು. ಎಷ್ಟು ಹೊತ್ತು, ಎಷ್ಟು ಬಲದಿಂದ ಎಂಬುದನ್ನು ಶಿಕ್ಷಕರಿಂದಲೇ ತಿಳಿದುಕೊಳ್ಳಿ. ಹತ್ತನೆಯ ತರಗತಿ ಬಂತೆಂದು ಎಲ್ಲವನ್ನೂ ನಿಲ್ಲಿಸುವ ಮುನ್ನ, ಕ್ರಿಕೆಟ್ ಆಡುವ ಮಗನಿಗೂ ಅದೇ ನಿಯಮ ಮಾಡುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನಮ್ಮ ಮನೆಯ ಸಮಸ್ಯೆ ನಾಚಿಕೆಯಾಗುವಷ್ಟು ಸುಲಭವಾಗಿ ಬಗೆಹರಿಯಿತು. ಗುಂಡ್ಲುಪೇಟೆಗೆ ಹೋಗಿ ಕೆಳಗಿನ ಮನೆಯ ಹಿರಿಯರೊಂದಿಗೆ ಮಾತನಾಡಿದೆ. ಸಂಜೆ ಐದೂವರೆಯಿಂದ ಆರೂಕಾಲರವರೆಗೆ ತಾವು ವಾಕಿಂಗ್ ಹೋಗುವುದಾಗಿಯೂ, ಆ ಹೊತ್ತಿನಲ್ಲಿ ಎಷ್ಟು ಬೇಕಾದರೂ ಕುಣಿಯಲಿ ಎಂದೂ ಅವರು ಹೇಳಿದರು. ಎರಡು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಜಮಖಾನೆ ಈಗ ಮಂಚದ ಕೆಳಗೆ ಸೇರಿದೆ. ಹೆಜ್ಜೆಯ ಸದ್ದು ಮೆಲ್ಲಗೆ ಹಿಂದಿರುಗುತ್ತಿದೆ.

ಕೇಳಲು ಒಬ್ಬ ನಿವೃತ್ತ ಅಧಿಕಾರಿ ತಾತ ಇದ್ದುದರಿಂದ ಇಷ್ಟಾಯಿತು. ಹೂ ಬಿಡಿಸುವ ತಾಯಿಯ ಮಗಳ ಪರವಾಗಿ ಕೇಳಬೇಕಾದವರು ನಾವೆಲ್ಲರೂ. ಅವಳ ಊರಿನ ಶಾಲೆಯ ಮೇಲುಸ್ತುವಾರಿ ಸಮಿತಿಗೆ ಒಂದು ಪುಟದ ಕೋರಿಕೆಯನ್ನು ಬರೆದುಕೊಟ್ಟಿದ್ದೇನೆ. ಅಂದು ಬರೆಯದ ಪುಟವನ್ನು ಇಷ್ಟು ತಡವಾಗಿ ಬರೆದಂತಾಯಿತು. ಉತ್ತರ ಇನ್ನೂ ಬಂದಿಲ್ಲ. ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರನ್ನು ಶಿಕ್ಷಕಿ ಇನ್ನೂ ಹೊಡೆದುಹಾಕಿಲ್ಲ.